ಹಾಡುತ್ತಾ ನುಡಿಸಿ: ಡ್ರಮ್ಸ್ ಮೇಷ್ಟ್ರು ಆಲನ್ ಡಾಸನ್

(ಸಂಗೀತ ಕೇಳುವ ಗೆಳೆಯರ ಸಂಜೆಯ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ನಡುವೆ ಧ್ವನಿಮುದ್ರಣ ಕೇಳಿಸಿದ ಜಾಗಗಳನ್ನು ಅಲ್ಲಲ್ಲೇ ಗುರುತು ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಾಜ್ ಡ್ರಮ್ಸ್ ಅಂದಕೂಡಲೇ ಈ ಸಂಗೀತ ಕೇಳುವವರ ಬಾಯಲ್ಲಿ ನಾಲ್ಕೈದು ಹೆಸರು ಥಟ್ಟನೆ ಬರುತ್ತವೆ. ಮ್ಯಾಕ್ಸ್ ರೋಚ್, ಆರ್ಟ್ ಬ್ಲೇಕಿ, ಎಲ್ವಿನ್ ಜೋನ್ಸ್, ಟೋನಿ ವಿಲಿಯಮ್ಸ್. ನಾನು ಇವತ್ತು ಹೇಳಬೇಕು ಅಂದುಕೊಂಡಿರುವ ಹೆಸರು ಆ ಸಾಲಿನಲ್ಲಿ ಅಷ್ಟು ಬೇಗ ಬರುವುದಿಲ್ಲ. ಆಲನ್ ಡಾಸನ್. ಯಾರಾದರೂ ಅವರ ಹೆಸರು ತೆಗೆದರೂ 'ಟೋನಿ ವಿಲಿಯಮ್ಸ್‌ಗೆ ಹೇಳಿಕೊಟ್ಟವರು' ಅಂತ ಒಂದು ಮಾತು ಹೇಳಿ ಮುಂದೆ ಹೋಗಿಬಿಡುತ್ತಾರೆ.

ಮಾತು ನಿಜವೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನನಗೆ ಬೇಜಾರು. ಒಳ್ಳೆ ಮೇಷ್ಟ್ರು ಅನ್ನಿಸಿಕೊಂಡವರ ನುಡಿಸಾಣಿಕೆಯನ್ನು ನಾವು ಸ್ವಲ್ಪ ಕೆಳಗಿನ ಮೆಟ್ಟಿಲಲ್ಲಿ ಇಡುತ್ತೇವೆ, ಅಲ್ವಾ? ಕಛೇರಿ ಸಿಗದವರು ಪಾಠಕ್ಕೆ ಇಳಿಯುತ್ತಾರೆ ಅನ್ನುವ ಲೆಕ್ಕಾಚಾರ ನಮ್ಮಲ್ಲೂ ಇದೆ, ಅಮೆರಿಕದವರಲ್ಲೂ ಇದೆ. ಡಾಸನ್ ವಿಷಯದಲ್ಲಿ ಇದು ಪೂರ್ತಿ ತಪ್ಪು. ಅವರ ನುಡಿಸಾಣಿಕೆಗೂ ಪಾಠಕ್ಕೂ ಬೇರು ಒಂದೇ. ಡ್ರಮ್ಸ್ ನುಡಿಸುವವರಿಗೆ ಹಾಡು ಗೊತ್ತಿರಬೇಕು. ತಾಳ ಗೊತ್ತಿದ್ದರೆ ಸಾಲದು, ಹಾಡೇ ಗೊತ್ತಿರಬೇಕು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ಊರು, ಕಾಲ ಹೇಳಿಬಿಡುತ್ತೇನೆ. ಡಾಸನ್ ಹುಟ್ಟಿದ್ದು 1929ರ ಜುಲೈ 14ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮರಿಯೆಟ್ಟಾ ಎಂಬ ಸಣ್ಣ ಊರಲ್ಲಿ. ಬೆಳೆದದ್ದು ಬಾಸ್ಟನ್ ನಗರದ ರಾಕ್ಸ್‌ಬರಿಯಲ್ಲಿ. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಜೊತೆ ನುಡಿಸಿದ ಡ್ರಮ್ಮರ್ ರಾಯ್ ಹೇನ್ಸ್ ಕೂಡ ಇದೇ ರಾಕ್ಸ್‌ಬರಿಯವರು, ಡಾಸನ್‌ಗಿಂತ ನಾಲ್ಕು ವರ್ಷ ದೊಡ್ಡವರು. ಆಗಿನ ಬಾಸ್ಟನ್‌ನಲ್ಲಿ ಕಪ್ಪು ಜನ ಜಾಸ್ತಿ ಇದ್ದ ಬಡಾವಣೆಗಳ ಸುತ್ತ ಜಾಜ್ ಕ್ಲಬ್‌ಗಳಿದ್ದವು. ನ್ಯೂಯಾರ್ಕ್‌ನಷ್ಟು ದೊಡ್ಡ ಹೆಸರಿಲ್ಲದಿದ್ದರೂ ಅಲ್ಲಿ ಸಂಗೀತಕ್ಕೆ ಬರ ಇರಲಿಲ್ಲ.

ಡಾಸನ್ ಬಾಸ್ಟನ್‌ನಲ್ಲೇ ಚಾರ್ಲ್ಸ್ ಆಲ್ಡೆನ್ ಎಂಬ ಮೇಷ್ಟ್ರ ಹತ್ತಿರ ನಾಲ್ಕು ವರ್ಷ ಕಲಿತರು. ಕೊರಿಯಾ ಯುದ್ಧದ ಸಮಯದಲ್ಲಿ ಸೇನೆಗೆ ಹೋಗಬೇಕಾಯಿತು. 1951ರಿಂದ 1953ರವರೆಗೆ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್‌ನಲ್ಲಿ ಸೇನೆಯ ಡ್ಯಾನ್ಸ್ ಬ್ಯಾಂಡಿನಲ್ಲಿ ನುಡಿಸಿದರು. ಕುಣಿಯುವವರ ಕಾಲಿಗೆ ತಕ್ಕ ಹಾಗೆ ನುಡಿಸಬೇಕಾದಾಗ ಲಯ ಒಂದು ಕೂದಲೂ ಹಂದುವ ಹಾಗಿಲ್ಲ. ಅವರ ರೈಡ್ ಸಿಂಬಲ್, ಅಂದರೆ ಲಯ ಹಿಡಿಯುವ ದೊಡ್ಡ ಲೋಹದ ತಟ್ಟೆ, ಕೇಳಿದಾಗಲೆಲ್ಲ ನನಗೆ ಈ ಸೇನೆಯ ಬ್ಯಾಂಡಿನ ದಿನಗಳು ನೆನಪಾಗುತ್ತವೆ.

ಸೇನೆಯಿಂದ ಹೊರಗೆ ಬಂದ ವರ್ಷವೇ ದೊಡ್ಡ ಅವಕಾಶ. 1953ರಲ್ಲಿ ಲಯನೆಲ್ ಹ್ಯಾಂಪ್ಟನ್ ಅವರ ಬ್ಯಾಂಡ್ ಯುರೋಪಿಗೆ ಹೊರಟಿತ್ತು. ಆ ಬ್ಯಾಂಡಿನ ಹುಡುಗರ ಪಟ್ಟಿ ನೋಡಿದರೆ ಕಣ್ಣು ಅರಳುತ್ತದೆ. ಟ್ರಂಪೆಟ್‌ನಲ್ಲಿ ಕ್ಲಿಫರ್ಡ್ ಬ್ರೌನ್, ಆರ್ಟ್ ಫಾರ್ಮರ್, ಕ್ವಿನ್ಸಿ ಜೋನ್ಸ್. ಸ್ಯಾಕ್ಸೊಫೋನ್‌ನಲ್ಲಿ ಜೀಜೀ ಗ್ರೈಸ್. ಡ್ರಮ್ಸ್‌ಗೆ ಇಪ್ಪತ್ನಾಲ್ಕರ ಡಾಸನ್. ಪ್ರವಾಸದ ನಡುವೆ ಬೇರೆ ಯಾರಿಗೂ ರೆಕಾರ್ಡಿಂಗ್ ಮಾಡಬಾರದು ಅಂತ ಹ್ಯಾಂಪ್ಟನ್ ಕಟ್ಟಪ್ಪಣೆ ಮಾಡಿದ್ದರು. ಹುಡುಗರು ಕೇಳಬೇಕಲ್ಲ? ರಾತ್ರಿ ಹೋಟೆಲಿನಿಂದ ಕದ್ದು ಹೋಗಿ ಪ್ಯಾರಿಸ್‌ನ ಸ್ಟುಡಿಯೊಗಳಲ್ಲಿ ನುಡಿಸಿ ಬಂದರು. ಗ್ರೈಸ್ ಮತ್ತು ಬ್ರೌನ್ ಸೇರಿ ಅಲ್ಲಿ ಮಾಡಿದ ದೊಡ್ಡ ಬ್ಯಾಂಡಿನ ಮುದ್ರಣಗಳಲ್ಲಿ ಡಾಸನ್ ಕೂಡ ಇದ್ದಾರೆ. ಮೂರು ವರ್ಷ ಕಳೆಯುವಷ್ಟರಲ್ಲಿ, 1956ರಲ್ಲಿ, ಕ್ಲಿಫರ್ಡ್ ಬ್ರೌನ್ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೈದು. ಅವತ್ತು ಆ ಹುಡುಗರು ಕದ್ದು ಹೋಗದೇ ಇದ್ದಿದ್ದರೆ ನಮಗೆ ಎಷ್ಟು ನಷ್ಟ ಆಗುತ್ತಿತ್ತು!

ಇಂಥ ಪ್ರವಾಸ ಮುಗಿಸಿದ ಡ್ರಮ್ಮರ್ ನೇರ ನ್ಯೂಯಾರ್ಕಿಗೆ ಹೋಗಿ ಮನೆ ಮಾಡಬೇಕು. ಆ ಕಾಲದ ರೂಢಿ ಅದು. ಜೊತೆಗಾರರು ಹಾಗೇ ಮಾಡಿದರು. ಡಾಸನ್ ಬಾಸ್ಟನ್‌ಗೆ ವಾಪಸ್ ಬಂದರು. ಸ್ಯಾಬಿ ಲೂಯಿಸ್ ಎಂಬ ಊರಿನ ಹಳೆಯ ಬ್ಯಾಂಡ್ ಮುಖಂಡರ ಜೊತೆ ನುಡಿಸಿದರು. 1957ರಲ್ಲಿ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಮೇಷ್ಟ್ರಾದರು.

ಬರ್ಕ್ಲಿ ಈಗ ಲೋಕವೆಲ್ಲ ಬಲ್ಲ ಕಾಲೇಜು. ಬೆಂಗಳೂರಿನ ಮಕ್ಕಳೂ ಅಲ್ಲಿಗೆ ಅರ್ಜಿ ಹಾಕುತ್ತಾರೆ. ಆದರೆ 1957ರಲ್ಲಿ ಅದು ಸಣ್ಣ ಶಾಲೆ. 1945ರಲ್ಲಿ ಲಾರೆನ್ಸ್ ಬರ್ಕ್ ಬೇರೆ ಹೆಸರಿನಲ್ಲಿ ಶುರು ಮಾಡಿದ್ದರು, 1954ರಲ್ಲಿ ಬರ್ಕ್ಲಿ ಅಂತ ಹೆಸರಿಟ್ಟಿದ್ದರು. ಜಾಜ್ ಅನ್ನು ತರಗತಿಯಲ್ಲಿ ಕೂರಿಸಿ ಕಲಿಸಬಹುದು ಅನ್ನುವುದೇ ಆಗ ಬಹಳ ಜನಕ್ಕೆ ಒಪ್ಪಿಗೆ ಇರಲಿಲ್ಲ. ಅದರಲ್ಲೂ ಡ್ರಮ್ಸ್! ಡ್ರಮ್ಸ್ ಕ್ಲಬ್ಬಿನಲ್ಲಿ ದೊಡ್ಡವರ ಪಕ್ಕ ನಿಂತು, ನೋಡಿ, ಕದ್ದು ಕಲಿಯುವ ವಿದ್ಯೆ. ಅದನ್ನು ಹೇಳಿಕೊಡುವುದಕ್ಕೆ ಕ್ರಮ ಅಂತ ಒಂದು ಇದ್ದರೆ ಅದು ಸೇನೆಯ ಮೆರವಣಿಗೆ ಡ್ರಮ್ಮಿನ ಕ್ರಮ. ಜಾಜ್‌ಗೆ ಅಂತ ಪಾಠದ ಕ್ರಮವನ್ನು ಡಾಸನ್ ಸ್ವತಃ ಕಟ್ಟಬೇಕಾಯಿತು. ಹದಿನೆಂಟು ವರ್ಷ ಅಲ್ಲಿ ಕೂತು ಕಟ್ಟಿದರು.

ಈಗ ಆ ಪಾಠದ ಒಳಗೆ ಹೋಗೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ನನಗೆ ಇದೇ ಮುಖ್ಯ.

ಟೆಡ್ ರೀಡ್ ಅಂತ ಒಬ್ಬರು 1958ರಲ್ಲಿ ಸಿಂಕೊಪೇಷನ್ ಬಗ್ಗೆ, ಅಂದರೆ ಒತ್ತು ನಿರೀಕ್ಷಿಸದ ಜಾಗದಲ್ಲಿ ಬೀಳುವ ಲಯದ ಬಗ್ಗೆ, ಒಂದು ತೆಳ್ಳನೆ ಅಭ್ಯಾಸ ಪುಸ್ತಕ ತಂದರು. ಇವತ್ತಿಗೂ ಡ್ರಮ್ಸ್ ಕಲಿಯುವವರ ಚೀಲದಲ್ಲಿ ಅದು ಇರುತ್ತದೆ. ತೆರೆದು ನೋಡಿದರೆ ವಿಶೇಷ ಏನೂ ಕಾಣುವುದಿಲ್ಲ. ಮೇಲೆ ಒಂದು ಸಾಲು ಲಯ, ಕೆಳಗೆ ಕಾಲಿನ ಬಾಸ್ ಡ್ರಮ್‌ಗೆ ಸಮವಾದ ಏಟು. ಡಾಸನ್ ಕೆಳಗಿನ ಸಾಲು ಬಿಟ್ಟುಬಿಡಿ ಅಂದರು. ಮೇಲಿನ ಒಂದೇ ಸಾಲು ಇಟ್ಟುಕೊಂಡು ನಲವತ್ತಕ್ಕೂ ಜಾಸ್ತಿ ಬಗೆಯಲ್ಲಿ ನುಡಿಸುವುದನ್ನು ಕಲಿಸಿದರು.

ಹೇಗೆ ಅಂತೀರಾ? ಬಲಗೈ ರೈಡ್ ಸಿಂಬಲ್ ಮೇಲೆ ಸ್ವಿಂಗ್ ಅನ್ನುವ, ಜಾಜ್‌ನ ತೂಗುವ ನಡೆ ಹಿಡಿದಿರುತ್ತದೆ. ಎಡಗಾಲು ಹೈ-ಹ್ಯಾಟ್ ಎಂಬ ಜೋಡಿ ತಟ್ಟೆಗಳನ್ನು ಎರಡನೇ, ನಾಲ್ಕನೇ ಎಣಿಕೆಗೆ ಮುಚ್ಚುತ್ತಿರುತ್ತದೆ. ಇವೆರಡೂ ನಿಲ್ಲುವ ಹಾಗಿಲ್ಲ. ಈಗ ಪುಸ್ತಕದ ಸಾಲನ್ನು ಎಡಗೈಯಲ್ಲಿ ಸ್ನೇರ್ ಎಂಬ ಎದುರಿನ ಸಣ್ಣ ಡ್ರಮ್ಮಿನ ಮೇಲೆ ನುಡಿಸಿ. ಪುಟ ಮುಗಿಯಿತಾ? ಅದೇ ಸಾಲನ್ನು ಬಲಗಾಲಿಗೆ ಕೊಡಿ, ಬಾಸ್ ಡ್ರಮ್ ನುಡಿಸಲಿ. ಅದೂ ಆಯಿತಾ? ಈಗ ಸಾಲಿನ ಗಿಡ್ಡ ಸ್ವರಗಳೆಲ್ಲ ಸ್ನೇರ್‌ಗೆ, ಉದ್ದ ಸ್ವರಗಳೆಲ್ಲ ಬಾಸ್ ಡ್ರಮ್‌ಗೆ. ಆಮೇಲೆ ಸಾಲನ್ನು ಬಲಗೈ ನುಡಿಸಬೇಕು, ನಡುವಿನ ಖಾಲಿ ಜಾಗಗಳನ್ನೆಲ್ಲ ಎಡಗೈ ತಿಶ್ರದಲ್ಲಿ, ಅಂದರೆ ಎಣಿಕೆಗೆ ಮೂರು ಏಟಿನ ಲೆಕ್ಕದಲ್ಲಿ, ತುಂಬಬೇಕು. ಹೀಗೇ ಹೋಗುತ್ತದೆ.

ಹೊರಗಿನಿಂದ ನೋಡಿದರೆ ಇದು ಕೈಕಾಲಿನ ಕಸರತ್ತು. ಆದರೆ ಗಮನಿಸಿ. ಕಾಗದದ ಮೇಲಿರುವುದು ಒಂದೇ ಸಾಲು, ಅದನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಕೈಕಾಲು ಬೇರೆ ಬೇರೆ ಕೆಲಸ ಮಾಡಬೇಕು. ವೇದಿಕೆ ಮೇಲೆ ಆಗುವುದೂ ಇದೇ ಅಲ್ವಾ? ಸ್ಯಾಕ್ಸೊಫೋನ್ ಒಂದು ಸಾಲು ನುಡಿಸುತ್ತದೆ. ಅದನ್ನು ಕೇಳಿಸಿಕೊಳ್ಳುತ್ತಲೇ ಡ್ರಮ್ಮರ್ ಎಲ್ಲಿ ಜೊತೆಗೆ ಹೋಗಬೇಕು, ಎಲ್ಲಿ ಉತ್ತರ ಕೊಡಬೇಕು, ಎಲ್ಲಿ ಸುಮ್ನೆ ಇರಬೇಕು ಅಂತ ತೀರ್ಮಾನ ಮಾಡಬೇಕು. ಪುಸ್ತಕದ ಆ ಒಣ ಸಾಲಿನ ಜಾಗದಲ್ಲಿ ನಾಳೆ ಒಂದು ಹಾಡು ಬಂದು ಕೂರುತ್ತದೆ. ಡಾಸನ್ ಅದಕ್ಕೆ ಜಾಗ ಮಾಡಿಡುತ್ತಿದ್ದರು.

ಇದರ ಮುಂದಿನ ಹೆಜ್ಜೆಯೇ ಹಾಡುವುದು. ಡಾಸನ್ ಶಿಷ್ಯರನ್ನು ಬಾಯಿಬಿಟ್ಟು ಹಾಡಿಸುತ್ತಿದ್ದರು. ಕೈಕಾಲು ಅಭ್ಯಾಸ ನುಡಿಸುತ್ತಿರುವಾಗಲೇ ಬಾಯಲ್ಲಿ ಒಂದು ಜಾಜ್ ಹಾಡಿನ ಮಟ್ಟು ನಡೆಯಬೇಕು. ದನಿ ಚೆನ್ನಾಗಿರಬೇಕು ಅಂತೇನಿಲ್ಲ. ಹಾಡು ಎಲ್ಲಿದೆ ಅಂತ ಗೊತ್ತಿರಬೇಕು.

ಇದರ ಕಷ್ಟ ಎಷ್ಟು ಅಂತ ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. ಬಹಳಷ್ಟು ಜಾಜ್ ಹಾಡುಗಳಿಗೆ ಮೂವತ್ತೆರಡು ಬಾರ್‌ಗಳ ಕಟ್ಟು ಇರುತ್ತದೆ. ಬಾರ್ ಅಂದರೆ ಎಣಿಕೆಗಳ ಒಂದು ಸಣ್ಣ ಗುಂಪು. ಎಂಟು ಬಾರಿನ ಒಂದು ಭಾಗ, ಅದೇ ಮತ್ತೊಂದು ಸಲ, ಆಮೇಲೆ ಬೇರೆ ಬಗೆಯ ಎಂಟು ಬಾರ್, ಕೊನೆಗೆ ಮತ್ತೆ ಮೊದಲಿನ ಎಂಟು. ಒಂದು ಬಾರಿಗೆ ನಾಲ್ಕು ಎಣಿಕೆ ಅಂದರೆ ಒಟ್ಟು 128 ಎಣಿಕೆ. ಎಣಿಕೆಗೆ ಒಂದು ಅಕ್ಷರದಂತೆ ಆದಿತಾಳದಲ್ಲಿ ಇಟ್ಟರೆ ಹದಿನಾರು ಆವರ್ತ. ಈ ಇಡೀ ಸುತ್ತಿಗೆ ಕೋರಸ್ ಅನ್ನುತ್ತಾರೆ. ಹಾಡು ಮುಗಿದ ಮೇಲೆ ಒಬ್ಬೊಬ್ಬರು ಸೋಲೊ ನುಡಿಸುವುದೂ ಇದೇ ಸುತ್ತಿನ ಮೇಲೆ. ಪಿಯಾನೊದವರಿಗೆ, ಬಾಸ್ ಎಂಬ ದೊಡ್ಡ ತಂತಿವಾದ್ಯದವರಿಗೆ ಸ್ವರಗಳ ಆಸರೆ ಇರುತ್ತದೆ, ಎಲ್ಲಿದ್ದೇವೆ ಅಂತ ಕೈಗೇ ಗೊತ್ತಾಗುತ್ತದೆ. ಡ್ರಮ್ಸ್ ಸೋಲೊ ಬಂದಾಗ ಉಳಿದವರೆಲ್ಲ ಕೈಬಿಡುತ್ತಾರೆ. ಆಗ 128 ಎಣಿಕೆಯನ್ನು ಬೆರಳಲ್ಲಿ ಎಣಿಸುತ್ತಾ ಕೂರುವುದಕ್ಕೆ ಆಗುವುದಿಲ್ಲ. ಯಾರೂ ತಾಳ ಹಾಕಿ ತೋರಿಸುವವರಿಲ್ಲ. ಒಳಗೆ ಹಾಡು ನಡೆಯುತ್ತಿದ್ದರೆ ಮಾತ್ರ ಸರಿಯಾದ ಜಾಗಕ್ಕೆ ವಾಪಸ್ ಬಂದು ಸೇರುತ್ತೀರಿ.

ಪಾಠದ ಕೋಣೆಯಲ್ಲಿ ಡಾಸನ್ ವೈಬ್ರಾಫೋನ್ ನುಡಿಸುತ್ತಿದ್ದರು. ಲೋಹದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಕೋಲಿನಿಂದ ನುಡಿಸುವ ವಾದ್ಯ. ಶಿಷ್ಯ ಡ್ರಮ್ಸ್ ಹಿಂದೆ, ಮೇಷ್ಟ್ರು ವೈಬ್ರಾಫೋನ್ ಮುಂದೆ. ಪಾಠ ಅಂದರೆ ಇಬ್ಬರೂ ಸೇರಿ ಒಂದು ಹಾಡು ನುಡಿಸುವುದು. ನಾಲ್ಕು ಬಾರ್ ಮೇಷ್ಟ್ರದ್ದು, ನಾಲ್ಕು ಬಾರ್ ಶಿಷ್ಯನದ್ದು. ಶಿಷ್ಯ ದಾರಿ ತಪ್ಪಿದರೆ ಬೈಯುವ ಅಗತ್ಯವೇ ಇಲ್ಲ, ಹಾಡೇ ತೋರಿಸಿಕೊಡುತ್ತದೆ. ನಾನೂ ನಾಲ್ಕು ಮಕ್ಕಳಿಗೆ ಡ್ರಮ್ಸ್ ಹೇಳಿಕೊಡುವವನು. ಇದಕ್ಕಿಂತ ನ್ಯಾಯವಾದ ಪಾಠದ ರೀತಿ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಡ್ರಮ್ಸ್‌ನಲ್ಲಿ ರೂಡಿಮೆಂಟ್ ಅಂತ ಇರುತ್ತವೆ. ಎರಡು ಕೈಗಳ ಏಟನ್ನು ಹೇಗೆ ಹೇಗೆ ಜೋಡಿಸಬಹುದು ಅನ್ನುವ ಸಣ್ಣ ಸಣ್ಣ ಪಟ್ಟುಗಳು, ಮಕ್ಕಳು ತಿದ್ದುವ ಕಾಗುಣಿತದ ಹಾಗೆ. ಅಮೆರಿಕದಲ್ಲಿ ಆಗ ಎಲ್ಲರೂ ಕಲಿಯುತ್ತಿದ್ದದ್ದು ಇಪ್ಪತ್ತಾರು. ಡಾಸನ್ ಅದಕ್ಕೆ ಸ್ವಿಟ್ಜರ್ಲೆಂಡ್ ಕಡೆಯ ಪಟ್ಟುಗಳನ್ನೂ ಬೇರೆ ಕೆಲವನ್ನೂ ಸೇರಿಸಿ, ಎಂಬತ್ತಕ್ಕೂ ಜಾಸ್ತಿ ಪಟ್ಟುಗಳ ಒಂದೇ ಉದ್ದ ಸರ ಮಾಡಿದರು. ಒಂದೊಂದಕ್ಕೆ ನಾಲ್ಕು ಬಾರ್. ಕಾಲುಗಳಲ್ಲಿ ಬ್ರೆಜಿಲ್‌ನ ಸಾಂಬಾ ನಡೆ ಮೊದಲಿನಿಂದ ಕೊನೆವರೆಗೆ ನಿಲ್ಲದೆ ಓಡುತ್ತಿರಬೇಕು. ಒಂದು ಪಟ್ಟಿನಿಂದ ಇನ್ನೊಂದಕ್ಕೆ ದಾಟುವಾಗ ಉಸಿರು ತೆಗೆದುಕೊಳ್ಳುವುದಕ್ಕೂ ಬಿಡುವಿಲ್ಲ. ಎಲ್ಲವೂ ಬಾಯಿಪಾಠ.

ಅದನ್ನು ಬ್ರಷ್‌ನಲ್ಲಿ ಅಭ್ಯಾಸ ಮಾಡಿ ಅನ್ನುತ್ತಿದ್ದರು. ಬ್ರಷ್ ಅಂದರೆ ತಂತಿ ಎಳೆಗಳ ಕುಚ್ಚು. ಕೋಲಿನಲ್ಲಿ ಹೊಡೆದರೆ ಅದು ತಾನಾಗಿ ಪುಟಿಯುತ್ತದೆ, ಅರ್ಧ ಕೆಲಸ ಪುಟಿತವೇ ಮಾಡಿಕೊಡುತ್ತದೆ. ಬ್ರಷ್ ಅಷ್ಟು ಪುಟಿಯುವುದಿಲ್ಲ. ಪ್ರತಿ ಏಟನ್ನೂ ಮಣಿಕಟ್ಟೇ ಎತ್ತಿ ಇಳಿಸಬೇಕು. ಬ್ರಷ್‌ನಲ್ಲಿ ಪಳಗಿದ ಕೈಗೆ ಕೋಲು ಕೊಟ್ಟರೆ ಹಗುರ ಅನ್ನಿಸುತ್ತದೆ. ನಾನು ಸ್ವತಃ ಮಾಡಿ ನೋಡಿದ್ದೇನೆ, ಮಾತು ಸತ್ಯ. ಮುಂಗೈ ಉರಿಯುತ್ತದೆ, ಆಮೇಲೆ ಬಿಟ್ಟುಹೋದ ಸಣ್ಣ ಏಟುಗಳೆಲ್ಲ ಒಂದೊಂದಾಗಿ ಕೇಳಿಸತೊಡಗುತ್ತವೆ.

ಪಾಠದ ಮಾತು ಇಷ್ಟು. ಈಗ ಅವರ ನುಡಿಸಾಣಿಕೆ.

(ಇಲ್ಲಿ ಬೂಕರ್ ಎರ್ವಿನ್ ಅವರ 'ದ ಫ್ರೀಡಮ್ ಬುಕ್' ಧ್ವನಿಮುದ್ರಿಕೆಯ ಒಂದು ಭಾಗ ಕೇಳಿಸಲಾಯಿತು.)

ಇದು 1963ರ ಡಿಸೆಂಬರ್ ತಿಂಗಳ ಮುದ್ರಣ. ಟೆನರ್ ಸ್ಯಾಕ್ಸೊಫೋನ್ ಬೂಕರ್ ಎರ್ವಿನ್, ಪಿಯಾನೊ ಜಾಕಿ ಬಯಾರ್ಡ್, ಬಾಸ್ ರಿಚರ್ಡ್ ಡೇವಿಸ್, ಡ್ರಮ್ಸ್ ಡಾಸನ್. ಅಧ್ಯಕ್ಷ ಕೆನಡಿ ಹತ್ಯೆಯಾಗಿ ಎರಡು ವಾರವೂ ಆಗಿರಲಿಲ್ಲ, ಆ ದುಃಖಕ್ಕೆ ಎರ್ವಿನ್ ಬರೆದ ಒಂದು ನಿಧಾನ ರಚನೆಯೂ ಇದರಲ್ಲಿದೆ. ಎರ್ವಿನ್ ನುಡಿಸುವುದು ಗಂಟಲು ಬಿರಿಯುವ ಹಾಗೆ. ಬಯಾರ್ಡ್ ಅಂತೂ ಒಂದು ಕ್ಷಣ 1920ರ ದಶಕದ ಪಿಯಾನೊ ಶೈಲಿಯಲ್ಲಿರುತ್ತಾರೆ, ಮರುಕ್ಷಣ ಯಾವ ಕಟ್ಟಿಗೂ ಸಿಗುವುದಿಲ್ಲ. ರಿಚರ್ಡ್ ಡೇವಿಸ್ ಬಾಸ್ ತಂತಿಯನ್ನು ಎಲ್ಲೆಲ್ಲಿಗೋ ಎಳೆದುಕೊಂಡು ಹೋಗುತ್ತಾರೆ. ಮೂವರೂ ಮೂರು ದಿಕ್ಕಿಗೆ ಎಳೆಯುವಾಗ ಹಾಡನ್ನು ಹಿಡಿದಿರುವವರು ಯಾರು? ಸಿಂಬಲ್ ಕೇಳಿ. ಎಷ್ಟು ಸ್ಪಷ್ಟ! ಎಂಟು ಬಾರಿನ ಒಂದೊಂದು ಭಾಗ ಮುಗಿಯುವಾಗಲೂ ಒಂದು ಸಣ್ಣ ಗುರುತು ಇಟ್ಟು ಹೋಗುತ್ತಾರೆ. ಜೊತೆಗಾರರಿಗೆ ಎಷ್ಟು ದೂರ ಹೋದರೂ ಮನೆ ದಾರಿ ಗೊತ್ತಿರುತ್ತದೆ.

ಪ್ರೆಸ್ಟೀಜ್ ಕಂಪನಿಗೆ ಎರ್ವಿನ್ 1963, 64ರಲ್ಲಿ ಮಾಡಿದ ಇಂಥ ನಾಲ್ಕು ಧ್ವನಿಮುದ್ರಿಕೆಗಳಿವೆ. ನಾಲ್ಕರಲ್ಲೂ ಡೇವಿಸ್ ಮತ್ತು ಡಾಸನ್ ಇದ್ದಾರೆ. ನನ್ನ ಕೇಳಿದರೆ 1960ರ ದಶಕದ ಅತ್ಯುತ್ತಮ ಬಾಸ್–ಡ್ರಮ್ಸ್ ಜೋಡಿಗಳಲ್ಲಿ ಇದೊಂದು. ಸಿಗಬೇಕಾದಷ್ಟು ಹೆಸರು ಇವುಗಳಿಗೆ ಸಿಕ್ಕಿಲ್ಲ.

ಇದೇ ಹೊತ್ತಿನಲ್ಲಿ ಬಾಸ್ಟನ್ ಹತ್ತಿರದ ಪೀಬಡಿ ಎಂಬಲ್ಲಿ, ಹೆದ್ದಾರಿ ಪಕ್ಕ, ಲೆನ್ನೀಸ್ ಆನ್ ದ ಟರ್ನ್‌ಪೈಕ್ ಅಂತ ಒಂದು ಜಾಜ್ ಕ್ಲಬ್ ಇತ್ತು. 1963ರಿಂದ 1970ರವರೆಗೆ ಡಾಸನ್ ಅಲ್ಲಿನ ಕಾಯಂ ಡ್ರಮ್ಮರ್. ಇದು ಎಂಥ ಕೆಲಸ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಸರಾಂತ ಕಲಾವಿದರು ಎಷ್ಟೋ ಸಲ ತಮ್ಮ ವಾದ್ಯ ಮಾತ್ರ ಹಿಡಿದು ಒಬ್ಬರೇ ಬರುತ್ತಿದ್ದರು. ಪಿಯಾನೊ, ಬಾಸ್, ಡ್ರಮ್ಸ್ ಊರಿನವರೇ. ಅಭ್ಯಾಸಕ್ಕೆ ಸಮಯವೇ ಇಲ್ಲ. ಈ ವಾರ ಬಂದವರು ಹಳೆಯ ಸ್ವಿಂಗ್ ಕಾಲದವರಾಗಿರಬಹುದು, ಮುಂದಿನ ವಾರದವರು ಬೀಬಾಪ್ ಎಂಬ ಜಾಜ್ ಶೈಲಿಯ ಮಿಂಚಿನ ವೇಗದವರು. ಒಬ್ಬರಿಗೆ ಡ್ರಮ್ಸ್ ಮೆತ್ತಗಿರಬೇಕು, ಇನ್ನೊಬ್ಬರಿಗೆ ಬೆನ್ನಿಗೆ ಬೆಂಕಿ ಹಚ್ಚಬೇಕು. ನಮ್ಮಲ್ಲೂ ಆಕಾಶವಾಣಿಯ ನಿಲಯದ ಪಕ್ಕವಾದ್ಯದವರು ಇವತ್ತು ಪಿಟೀಲಿಗೆ, ನಾಳೆ ಕೊಳಲಿಗೆ, ನಾಡಿದ್ದು ಗಾಯನಕ್ಕೆ ಕೂರಬೇಕಲ್ಲ, ಕೆಲಸ ಅದೇ ಜಾತಿಯದು. ಬಂದವರ ಹಾಡುಗಳು ಗೊತ್ತಿಲ್ಲದಿದ್ದರೆ ಮೊದಲ ರಾತ್ರಿಯೇ ಮುಖಭಂಗ. ಡಾಸನ್‌ಗೆ ಹಾಡುಗಳು ಗೊತ್ತಿದ್ದವು. ಅವರನ್ನು ಬಹುಮುಖ ಡ್ರಮ್ಮರ್ ಅಂತ ಕರೆಯುವುದು ಇದಕ್ಕೇ. ಹತ್ತು ಶೈಲಿಗಳನ್ನು ಹತ್ತು ಬೇರೆ ವಿದ್ಯೆಯಾಗಿ ಕಲಿತವರಲ್ಲ ಅವರು. ಎದುರಿಗಿರುವ ಹಾಡು ಏನು ಕೇಳುತ್ತದೋ ಅದನ್ನು ಕೊಡುತ್ತಿದ್ದರು.

ಅದೇ ಕ್ಲಬ್ಬಿನಲ್ಲಿ 1965ರಲ್ಲಿ ಜಾಕಿ ಬಯಾರ್ಡ್ ನುಡಿಸಿದ ಒಂದು ರಾತ್ರಿಯ ಮುದ್ರಣ ಸಿಗುತ್ತದೆ. ಅದರಲ್ಲಿ ಡಾಸನ್ ಡ್ರಮ್ಸ್ ಜೊತೆ ವೈಬ್ರಾಫೋನ್ ಕೂಡ ನುಡಿಸಿದ್ದಾರೆ. ಪಾಠದ ಕೋಣೆಯ ವೈಬ್ರಾಫೋನ್ ವೇದಿಕೆಗೂ ಬಂದಿದೆ ನೋಡಿ.

(ಇಲ್ಲಿ ಸನ್ನಿ ರಾಲಿನ್ಸ್ ಮೂವರ ತಂಡದ ಕೋಪನ್‌ಹೇಗನ್ ಕಾರ್ಯಕ್ರಮದ ಚಿತ್ರೀಕರಣ ತೋರಿಸಲಾಯಿತು.)

ಇದೂ 1965ರದ್ದೇ. ಸನ್ನಿ ರಾಲಿನ್ಸ್ ಸ್ಯಾಕ್ಸೊಫೋನ್, ಡ್ಯಾನಿಶ್ ಹುಡುಗ ನೀಲ್ಸ್-ಹೆನಿಂಗ್ ಓರ್ಸ್ಟೆಡ್ ಪೆಡರ್ಸನ್ ಬಾಸ್, ಆಗ ಅವನಿಗೆ ಹತ್ತೊಂಬತ್ತು. ಪಿಯಾನೊ ಇಲ್ಲ. ರಾಲಿನ್ಸ್‌ಗೆ ಪಿಯಾನೊ ಇಲ್ಲದೆ ನುಡಿಸುವುದು ಇಷ್ಟ, ಯಾರೂ ಸ್ವರದ ಬೇಲಿ ಹಾಕುವುದಿಲ್ಲ ಅಂತ. ಆದರೆ ಬೇಲಿ ಇಲ್ಲದ ಕಡೆ ದಿಕ್ಕು ತಪ್ಪುವುದೂ ಸುಲಭ. ರಾಲಿನ್ಸ್ ಒಂದು ಹಾಡಿನ ನಡುವೆ ಇನ್ನೊಂದು ಹಾಡಿನ ತುಣುಕು ತರುತ್ತಾರೆ, ಇದ್ದಕ್ಕಿದ್ದಂತೆ ನಿಲ್ಲಿಸುತ್ತಾರೆ, ಮತ್ತೆ ಎತ್ತಿಕೊಳ್ಳುತ್ತಾರೆ. ಡಾಸನ್ ಮುಖ ನೋಡಿ. ಗಾಬರಿ ಇಲ್ಲ, ಆರ್ಭಟ ಇಲ್ಲ. ಬೆನ್ನು ನೆಟ್ಟಗೆ, ಕೈಗಳು ಡ್ರಮ್ಮಿಗೆ ತೀರ ಹತ್ತಿರ. ಈ ವಿಡಿಯೊ ಕಲಿಯುವವರು ನೋಡಲೇಬೇಕಾದ್ದು. ಕೇಳಿದ್ದು ಕಣ್ಣಿಗೆ ಕಾಣುತ್ತದೆ.

1967ರ ಕೊನೆಗೆ ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ ಹೆಸರಾಂತ ನಾಲ್ವರ ತಂಡ ಮುಗಿಯಿತು. 'ಟೇಕ್ ಫೈವ್' ನುಡಿಸಿದ ತಂಡ. ಐದು ಎಣಿಕೆಯ ಆ ಹಾಡನ್ನು, ಅದರ ನಡುವೆ ಬರುವ ಜೋ ಮೊರೆಲ್ಲೊ ಅವರ ಡ್ರಮ್ಸ್ ಸೋಲೊವನ್ನು ನೀವೆಲ್ಲ ಎಲ್ಲಾದರೂ ಕೇಳಿರುತ್ತೀರಿ. ನಮಗೆ ಖಂಡ ನಡೆ ಕಿವಿಗೆ ಹೊಸದಲ್ಲ, ಆದರೆ 1959ರ ಜಾಜ್‌ಗೆ ಅದು ದೊಡ್ಡ ಸುದ್ದಿ. 1968ರಲ್ಲಿ ಬ್ರೂಬೆಕ್ ಹೊಸ ತಂಡ ಕಟ್ಟಿದಾಗ ಮೊರೆಲ್ಲೊ ಜಾಗಕ್ಕೆ ಬಂದವರು ಡಾಸನ್. ಬಾಸ್‌ಗೆ ಜ್ಯಾಕ್ ಸಿಕ್ಸ್, ಬ್ಯಾರಿಟೋನ್ ಸ್ಯಾಕ್ಸೊಫೋನ್‌ಗೆ ಜೆರ್ರಿ ಮಲ್ಲಿಗನ್. ಜನ ಹಳೆಯ ಸೋಲೊವನ್ನೇ ನಿರೀಕ್ಷಿಸುವ ಜಾಗದಲ್ಲಿ ಕೂತು ತನ್ನದನ್ನು ನುಡಿಸುವುದು ಸುಲಭ ಅಲ್ಲ. ಈ ತಂಡದ ಮುದ್ರಣಗಳಲ್ಲಿ ಡಾಸನ್ ಮೊರೆಲ್ಲೊ ನೆರಳಲ್ಲಿ ಇಲ್ಲವೇ ಇಲ್ಲ. ಬ್ರೂಬೆಕ್ ಪಿಯಾನೊ ಈ ಕಾಲದಲ್ಲಿ ಮೊದಲಿಗಿಂತ ಬಿಗಿ ಸಡಿಲಿಸಿ ಸ್ವಿಂಗ್ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಅದರಲ್ಲಿ ಡಾಸನ್ ಪಾಲು ದೊಡ್ಡದು. ಲೋಕವೆಲ್ಲ ಸುತ್ತಿ ಬಂದರೂ ಪಾಠ ಬಿಡಲಿಲ್ಲ.

ಈಗ ಶಿಷ್ಯರ ವಿಷಯ. ಟೋನಿ ವಿಲಿಯಮ್ಸ್ ಬಾಸ್ಟನ್‌ನಲ್ಲಿ ಬೆಳೆದ ಹುಡುಗ. ಅಪ್ಪ ಸ್ಯಾಕ್ಸೊಫೋನ್ ನುಡಿಸುವವರು, ಮಗನನ್ನು ಕ್ಲಬ್‌ಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಟೋನಿ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ಡಾಸನ್ ಹತ್ತಿರ ಪಾಠ ಶುರುವಾಯಿತು. ಡಾಸನ್ ಪಾಠ ಹೇಳಿದ್ದಷ್ಟೇ ಅಲ್ಲ, ತಾವು ನುಡಿಸುವ ಕಡೆ ತಮ್ಮ ಡ್ರಮ್ಸ್ ಮೇಲೆ ಹುಡುಗನನ್ನು ಕೂರಿಸಿ, ಜನರ ಎದುರು ನುಡಿಸುವ ಅವಕಾಶ ಕೊಡುತ್ತಿದ್ದರು. 1963ರಲ್ಲಿ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡಕ್ಕೆ ಸೇರಿದಾಗ ಟೋನಿಗೆ ಹದಿನೇಳು ವರ್ಷ. ಆಮೇಲೆ ಆ ಹುಡುಗ ಜಾಜ್ ಡ್ರಮ್ಸ್‌ನ ದಾರಿಯನ್ನೇ ಬದಲಿಸಿದ.

ಒಂದು ಮಾತು ಹೇಳಬೇಕು. ಟೋನಿ ನುಡಿಸಿದ್ದು ಡಾಸನ್ ಹಾಗೆ ಇರಲಿಲ್ಲ. ತಾಳದ ಗುರುತುಗಳನ್ನೆಲ್ಲ ಮುಚ್ಚಿಟ್ಟು, ವೇಗವನ್ನು ಹಿಗ್ಗಿಸಿ ಕುಗ್ಗಿಸಿ ನುಡಿಸುತ್ತಿದ್ದ. ಆದರೂ ಆ ತಂಡ ಹಾಡಿನ ಸುತ್ತು ಕಳೆದುಕೊಳ್ಳುತ್ತಿರಲಿಲ್ಲ. ಮುಚ್ಚಿಡಬೇಕಾದರೂ ಹಾಡು ಒಳಗೆ ಇರಬೇಕಲ್ಲ? ಗುರುವಿನ ಹಾಗೇ ನುಡಿಸುವ ಶಿಷ್ಯರು ಎಲ್ಲ ಕಡೆ ಸಿಗುತ್ತಾರೆ. ಒಬ್ಬರ ಹಾಗೆ ಇನ್ನೊಬ್ಬರಿಲ್ಲದ ಶಿಷ್ಯರನ್ನು ತಯಾರು ಮಾಡುವುದು ಬೇರೆಯದೇ ಸಾಮರ್ಥ್ಯ. ಡಾಸನ್ ಶಿಷ್ಯರನ್ನು ನೋಡಿ. ಹಾರ್ವೆ ಮೇಸನ್ ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ ಫಂಕ್ ಶೈಲಿಯ ತಂಡದಲ್ಲಿ ನುಡಿಸಿದರು. ಜೋ ಲಾಬಾರ್ಬೆರಾ ಇನ್ನೊಬ್ಬ ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ಕೊನೆಯ ಮೂವರ ತಂಡದಲ್ಲಿ ಪಿಸುಮಾತಿನ ಹಾಗೆ ಬ್ರಷ್ ನುಡಿಸಿದರು. ಸ್ಟೀವ್ ಸ್ಮಿತ್ ಜರ್ನಿ ಎಂಬ ರಾಕ್ ತಂಡದಲ್ಲಿ ದೊಡ್ಡ ದೊಡ್ಡ ಮೈದಾನಗಳಲ್ಲಿ ನುಡಿಸಿದರು.

ಸ್ಟೀವ್ ಸ್ಮಿತ್ ಕಥೆಯಲ್ಲಿ ನಮಗೆ ಹತ್ತಿರದ ಒಂದು ತಿರುವು ಇದೆ. ಅವರು ಮುಂದೆ ನಮ್ಮ ಕೊನ್ನಕೋಲ್ ಕಲಿತರು. ತ ಕ ಧಿ ಮಿ ಅಂತ ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕುವುದು. ಭಾರತದ ಕಲಾವಿದರ ಜೊತೆ ಕಛೇರಿಗಳನ್ನೂ ಮಾಡಿದರು. ನುಡಿಸುವ ಮೊದಲು ಬಾಯಲ್ಲಿ ಬರಬೇಕು ಅನ್ನುವ ನಮ್ಮ ಪಾಠ, ಬಾಯಿಬಿಟ್ಟು ಹಾಡುತ್ತಾ ನುಡಿಸಿ ಅಂದ ಮೇಷ್ಟ್ರ ಶಿಷ್ಯನಿಗೆ ಪರಕೀಯ ಅನ್ನಿಸಿರಲಾರದು. ಬರ್ಕ್ಲಿ ಮಾತು ಬಂದಾಗ ಇನ್ನೊಂದು ನೆನಪು. ಅಲ್ಲಿ ಕಲಿಸಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಾದಸ್ವರ ಕಲಿತರು, ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಜೊತೆ ನುಡಿಸಿದರು. 1983ರಲ್ಲಿ ಅವರೆಲ್ಲ ಸೇರಿ ಮಾಡಿದ 'ಜ್ಯೋತಿ' ಧ್ವನಿಮುದ್ರಿಕೆ ಈಗಲೂ ಸಿಗುತ್ತದೆ, ಹುಡುಕಿ ಕೇಳಿ.

1975ರಲ್ಲಿ ಡಾಸನ್ ಬೆನ್ನುಹುರಿಯ ಡಿಸ್ಕ್ ತೊಂದರೆಯಿಂದ ಹಣ್ಣಾದರು. ಊರೂರು ತಿರುಗುವುದು ಕಮ್ಮಿ ಮಾಡಬೇಕಾಯಿತು. ಬರ್ಕ್ಲಿಯನ್ನೂ ಬಿಟ್ಟರು. ಲೆಕ್ಸಿಂಗ್ಟನ್‌ನ ತಮ್ಮ ಮನೆಯಲ್ಲೇ ಪಾಠ ಮುಂದುವರಿಸಿದರು, ಶಿಷ್ಯರು ಮನೆ ಹುಡುಕಿಕೊಂಡು ಬಂದರು. ಹಾಗೆ ಕಲಿತವರಲ್ಲಿ ಟೆರ್ರಿ ಲಿನ್ ಕ್ಯಾರಿಂಗ್ಟನ್ ಒಬ್ಬರು. ಹನ್ನೊಂದನೇ ವಯಸ್ಸಿಗೇ ಬರ್ಕ್ಲಿಯ ವಿದ್ಯಾರ್ಥಿವೇತನ ಪಡೆದ ಹುಡುಗಿ. 2014ರಲ್ಲಿ ವಾದ್ಯ ಜಾಜ್ ಧ್ವನಿಮುದ್ರಿಕೆಗೆ ಕೊಡುವ ಗ್ರ್ಯಾಮಿ ಪ್ರಶಸ್ತಿ ಗೆದ್ದ ಮೊದಲ ಹೆಣ್ಣುಮಗಳು ಅವರೇ. ಈಗ ಬರ್ಕ್ಲಿಯಲ್ಲೇ ಕಲಿಸುತ್ತಾರೆ. ಜಾಜ್‌ನಲ್ಲಿ ಹೆಣ್ಣುಮಕ್ಕಳಿಗೆ ಸಮನಾದ ಜಾಗ ಸಿಗಬೇಕು ಅಂತ 2018ರಲ್ಲಿ ಅಲ್ಲೇ ಒಂದು ಸಂಸ್ಥೆ ಕಟ್ಟಿದರು.

ಡಾಸನ್ ತೀರಿಕೊಂಡದ್ದು 1996ರ ಫೆಬ್ರವರಿ 23ರಂದು, ರಕ್ತದ ಕ್ಯಾನ್ಸರ್‌ನಿಂದ. ಮರುವರ್ಷ ಅದೇ ಫೆಬ್ರವರಿ 23ರಂದು ಟೋನಿ ವಿಲಿಯಮ್ಸ್ ಹೋದರು. ಅವರಿಗಿನ್ನೂ ಐವತ್ತೊಂದು. ಡಾಸನ್ ಪಾಠಗಳನ್ನು ಶಿಷ್ಯ ಜಾನ್ ರಾಮ್ಸೇ 1997ರಲ್ಲಿ ಪುಸ್ತಕ ಮಾಡಿದರು. ಎಂಬತ್ತು ಚಿಲ್ಲರೆ ಪಟ್ಟುಗಳ ಆ ಸರವೂ ಅದರಲ್ಲಿದೆ.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಹಿರಿಯರೊಬ್ಬರು ಕೇಳಿದರು: "ನ್ಯೂಯಾರ್ಕಿಗೆ ಹೋಗಿದ್ದರೆ ಇನ್ನೂ ದೊಡ್ಡ ಹೆಸರು ಬರುತ್ತಿತ್ತಲ್ಲವಾ ಅವರಿಗೆ?"

ಬರುತ್ತಿತ್ತು ಸಾರ್, ಅನುಮಾನ ಇಲ್ಲ. ರೆಕಾರ್ಡ್ ಕಂಪನಿಗಳು, ಪತ್ರಿಕೆಗಳು ಎಲ್ಲ ಅಲ್ಲೇ ಇದ್ದವು. ಆದರೆ ಹದಿನೆಂಟು ವರ್ಷ ಒಂದೇ ಕಡೆ ಕೂತು ಪಾಠ ಕಟ್ಟುವುದು ಆಗುತ್ತಿರಲಿಲ್ಲ. ಬಾಸ್ಟನ್‌ನಲ್ಲಿ ಬೆಳೆಯುತ್ತಿದ್ದ ಟೋನಿ ಎಂಬ ಹುಡುಗನಿಗೆ ಕೈಗೆಟಕುವ ದೂರದಲ್ಲಿ ಆ ಮೇಷ್ಟ್ರು ಇರುತ್ತಿರಲಿಲ್ಲ. ಅವರು ಊರು ಬಿಡದೆ ಇದ್ದುದರಿಂದ ಲಾಭ ಆಗಿದ್ದು ನ್ಯೂಯಾರ್ಕಿಗೇ.

ಮೃದಂಗ ಕಲಿಯುವ ಹುಡುಗನೊಬ್ಬ ಕೇಳಿದ: "ಡ್ರಮ್ಸ್ ಇಲ್ಲದವರು ಈ ಪಾಠದಿಂದ ಏನು ತಗೋಬಹುದು ಸಾರ್?"

ನಿನಗೆ ಬಾಯಿಪಾಠ ಇರುವ ಒಂದು ಕೀರ್ತನೆ ತಗೋಪ್ಪ. ಪಲ್ಲವಿ, ಅನುಪಲ್ಲವಿ, ಚರಣ ಪೂರ್ತಿ ಸಾಹಿತ್ಯದ ಜೊತೆ. ಮೊದಲು ತಾಳ ಹಾಕುತ್ತಾ ಹಾಡು. ಆಮೇಲೆ ಹಾಡುತ್ತಾ ಮೃದಂಗ ನುಡಿಸು, ಸುಮ್ನೆ ಸರಳ ನಡೆ ಸಾಕು. ದನಿ ಕೀರಲಾದರೂ ಪರವಾಗಿಲ್ಲ, ನಿಲ್ಲಿಸಬೇಡ. ಕೈ ಬಂದರೆ ಬಾಯಿ ತಪ್ಪುತ್ತದೆ, ಬಾಯಿ ಬಂದರೆ ಕೈ ತಪ್ಪುತ್ತದೆ. ಎರಡೂ ಕೂಡಿಬಂದ ಮೇಲೆ ದನಿ ನಿಲ್ಲಿಸಿ ಮನಸ್ಸಿನಲ್ಲೇ ಹಾಡಿಕೊಂಡು ನುಡಿಸು. ಚರಣ ಮುಗಿದು ಪಲ್ಲವಿಗೆ 'ಎಡುಪು', ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ಬರುವಾಗ ಥಟ್ಟನೆ ದನಿ ಎತ್ತಿ ಹಾಡು. ಸರಿಯಾದ ಜಾಗಕ್ಕೆ ಬಿತ್ತೋ ಇಲ್ಲವೋ ನಿನಗೇ ಗೊತ್ತಾಗುತ್ತದೆ. ಬೀಳದಿದ್ದರೆ ಎಲ್ಲಿ ತಪ್ಪಿತು ಅಂತ ನಿಮ್ಮ ಮೇಷ್ಟ್ರ ಹತ್ತಿರ ಹೋಗಿ ನುಡಿಸಿ ತೋರಿಸು.